ಜ್ಯೂರಿಕ್‌ಗೆ 18 ತಿಂಗಳು: ಹೊರಡುವ ಮುನ್ನ ನನ್ನ ಬಳಿ ಸಲಹೆಗೆ ಬಂದ ದಂಪತಿ

ಪತಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಪತ್ನಿ ಅನುದಾನಿತ ಕಾಲೇಜಿನಲ್ಲಿ ಖಾಯಂ ಉಪನ್ಯಾಸಕಿ. ಐದು ವರ್ಷದ ಮಗಳು, ಜೊತೆಗಿರುವ ಅತ್ತೆ. (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) ಪತಿಯನ್ನು ಸಂಸ್ಥೆಯು 18 ತಿಂಗಳ ಮಟ್ಟಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಕಳುಹಿಸಲು ಮುಂದಾಗಿತ್ತು. ಸರೋವರ, ಆಲ್ಪ್ಸ್ ಪರ್ವತಗಳ ನೋಟ, ಮಗಳಿಗೆ ಹೊರದೇಶದ ಅನುಭವ ಎಂದು ಅವರು ಉತ್ಸಾಹದಿಂದ ವಿವರಿಸುತ್ತಿದ್ದಾಗ ಸುಮ್ಮನೆ ಕುಳಿತಿದ್ದ ಪತ್ನಿ, ನಾನು ಕೇಳಿದ ಮೇಲೆ, "ಇವರು ಆಫೀಸಿನಲ್ಲಿ ಹೂಂ ಅಂದು ಬಂದ ಮೇಲೆಯೇ ನನಗೆ ಹೇಳಿದ್ದು, ಮೇಡಂ" ಎಂದರು.

ಜಗಳ ನಡೆಯುತ್ತಿದ್ದುದು ಹಣದ ಹೆಸರಿನಲ್ಲಿ. ಆದ್ದರಿಂದ ಲೆಕ್ಕವನ್ನೇ ಮೊದಲು ತೆಗೆದುಕೊಂಡೆವು. ಪತಿ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ್ದರೇ ಹೊರತು ಖರ್ಚನ್ನು ಫ್ರಾಂಕಿನಲ್ಲಿ ಬರೆದಿರಲಿಲ್ಲ. ಅಲ್ಲಿ ಮನೆಗೆ ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳಬಹುದು. ನೆಲೆಸಿದ ಮೂರು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸುವುದು ಕಡ್ಡಾಯ, ಅದೂ ಮಗುವನ್ನೂ ಸೇರಿಸಿ ತಲೆಗೊಂದು. ಇತ್ತ ಪತ್ನಿಯ ಸಂಬಳ ನಿಂತರೂ ಮನೆ ಸಾಲದ ಕಂತು ನಿಲ್ಲುವುದಿಲ್ಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಾಗ ಉಳಿತಾಯ ಪತಿ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆಯಾಯಿತು. ಆದರೂ ಹೋಗಲಾಗದಷ್ಟು ಕಡಿಮೆಯಾಗಲಿಲ್ಲ.

ನಂತರ, ಅಲ್ಲಿನ ನವೆಂಬರ್ ತಿಂಗಳ ಒಂದು ಮಂಗಳವಾರ ತಮಗೆ ಹೇಗೆ ಕಳೆಯುತ್ತದೆಂದು ಇಬ್ಬರೂ ಬೇರೆ ಬೇರೆಯಾಗಿ, ಗಂಟೆಗಂಟೆಗೂ ಬರೆಯಬೇಕೆಂದು ಹೇಳಿದೆ. ಪತಿಯ ಹಾಳೆ ಟ್ರಾಮ್, ಕಚೇರಿ, ಸಭೆ, ಸರೋವರದ ದಂಡೆಯ ನಡಿಗೆ ಎಂದು ಬೇಗನೆ ತುಂಬಿತು. ಪತ್ನಿ ಮಗಳನ್ನು ಕಿಂಡರ್‌ಗಾರ್ಟನ್‌ಗೆ ಬಿಡುವುದನ್ನೂ ಮಧ್ಯಾಹ್ನ ಕರೆತರುವುದನ್ನೂ ಬರೆದು, ಉಳಿದ ಸಾಲುಗಳನ್ನು ಖಾಲಿ ಬಿಟ್ಟಿದ್ದರು. ಆ ಹಾಳೆಯನ್ನು ಪತಿ ಬಹಳ ಹೊತ್ತು ನೋಡಿದರು. ನವೆಂಬರ್‌ನಲ್ಲಿ ಅಲ್ಲಿ ಎಷ್ಟೋ ದಿನ ಮಂಜು ಕವಿದು ಪರ್ವತಗಳೇ ಕಾಣುವುದಿಲ್ಲ, ಅಕ್ಕಪಕ್ಕದವರ ಮಾತು ಸ್ವಿಸ್ ಜರ್ಮನ್, ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಕೆಲಸವಿದ್ದವರಿಗೆ ಇವು ಸಣ್ಣ ಸಂಗತಿಗಳು. ಪಾಠ ಮಾಡುವುದನ್ನೇ ಬದುಕಾಗಿಸಿಕೊಂಡು, ಈಗ ಅದನ್ನು ಬಿಟ್ಟು ಹೋಗಬೇಕಾದವರಿಗೆ ಹಾಗಲ್ಲ.

ಕೊಟ್ಟ ಸಲಹೆಯಲ್ಲಿ ನಾನು ಪಟ್ಟು ಹಿಡಿದದ್ದು ಒಂದಕ್ಕೆ: ಪತಿ ತಾವು ಕೊಟ್ಟ ಒಪ್ಪಿಗೆಯನ್ನು ತಡೆಹಿಡಿದು ಮೇಲಧಿಕಾರಿಯಿಂದ ಕಾಲಾವಕಾಶ ಕೇಳಬೇಕು, ಏಕೆಂದರೆ ಬೇಡವೆನ್ನುವ ದಾರಿ ನಿಜವಾಗಿಯೂ ತೆರೆದಿರದಿದ್ದರೆ ಪತ್ನಿಯ ಒಪ್ಪಿಗೆಗೆ ಅರ್ಥವಿರುವುದಿಲ್ಲ. ಪತ್ನಿ ಯಾವ ಕಾರಣಕ್ಕೂ ರಾಜೀನಾಮೆ ಕೊಡಕೂಡದು. ವೇತನರಹಿತ ರಜೆಗೆ ಅರ್ಜಿ ಹಾಕಿ, ಲಿಖಿತ ಆದೇಶ ಕೈಗೆ ಬಂದ ಮೇಲೆಯೇ ಮುಂದಿನ ಮಾತು. ಹೋಗುವುದಾದರೆ ಪತಿ ಮೊದಲು ಒಬ್ಬರೇ ಹೋಗಲಿ. ತಾಯಿ ಮಗಳು ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಅಲ್ಪಾವಧಿಯ ವೀಸಾ) ಕೆಲವು ವಾರ ಇದ್ದು ನೋಡಲಿ, ಅದೂ ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. ಆ ವೀಸಾದಲ್ಲಿ 180 ದಿನಗಳ ಅವಧಿಗೆ ಗರಿಷ್ಠ 90 ದಿನ ಇರಬಹುದಾದ್ದರಿಂದ ಅಷ್ಟಕ್ಕೆ ತೊಂದರೆಯಿಲ್ಲ.

ಪತಿ ಕಾಲಾವಕಾಶ ಕೇಳಿದ್ದಾರೆ, ಸಿಕ್ಕಿದೆ. ರಜೆಯ ಅರ್ಜಿ ಆಡಳಿತ ಮಂಡಳಿಯ ಮುಂದಿದೆ. ಮೂವರೂ ಹೋದರೆ ಅತ್ತೆ ಎಲ್ಲಿರುತ್ತಾರೆಂಬುದನ್ನು ಇಬ್ಬರೂ ಈವರೆಗೆ ಅವರೊಂದಿಗೆ ಮಾತಾಡಿಲ್ಲದ ಕಾರಣ, ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿದ್ದೇನೆ.