ಓದುಗರ ಪ್ರಶ್ನೆ: ತಂಡ ಬಲವಾದರೆ ಆಟಗಾರನ ಪಾಯಿಂಟ್ ಏಕೆ ಇಳಿಯುತ್ತದೆ?

ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಸೋಲುವ ತಂಡದಲ್ಲಿದ್ದಾಗ ಪಂದ್ಯಕ್ಕೆ 25 ಪಾಯಿಂಟ್ ಹೊಡೆಯುತ್ತಿದ್ದವರು ಗೆಲ್ಲುವ ತಂಡ ಸೇರಿದ ಕೂಡಲೇ 18ಕ್ಕೆ ಇಳಿಯುತ್ತಾರೆ. ಅವರ ಆಟ ಕೆಟ್ಟಿತೆಂದು ಅರ್ಥವೇ? (ಹಾಸನದ ಓದುಗರು)

ಅಲ್ಲ, ಎಷ್ಟೋ ಸಲ ಆಟ ಸುಧಾರಿಸಿರುತ್ತದೆ. ಬಾಸ್ಟನ್ ಸೆಲ್ಟಿಕ್ಸ್ ತಂಡವನ್ನೇ ನೋಡಿ. 2006-07ರಲ್ಲಿ 82 ಪಂದ್ಯಗಳಲ್ಲಿ ಅದು ಗೆದ್ದದ್ದು ಬರೀ 24. ಮರುವರ್ಷ ಸಿಯಾಟಲ್‌ನಿಂದ ರೇ ಆಲೆನ್, ಮಿನ್ನೆಸೋಟಾದಿಂದ ಕೆವಿನ್ ಗಾರ್ನೆಟ್ ಬಂದು ಪಾಲ್ ಪಿಯರ್ಸ್ ಜೊತೆಗೂಡಿದರು. ಆಲೆನ್ ಸರಾಸರಿ 26.4ರಿಂದ 17.4ಕ್ಕೆ, ಪಿಯರ್ಸ್ 25ರಿಂದ 19.6ಕ್ಕೆ, ಗಾರ್ನೆಟ್ 22.4ರಿಂದ 18.8ಕ್ಕೆ ಇಳಿಯಿತು. ಮೂವರದೂ ಸೇರಿ ಪಂದ್ಯಕ್ಕೆ 18 ಪಾಯಿಂಟ್ ಕಡಿಮೆ. ತಂಡ ಮಾತ್ರ 66 ಪಂದ್ಯ ಗೆದ್ದು, 2008ರ ಫೈನಲ್‌ನಲ್ಲಿ ಲೇಕರ್ಸ್ ತಂಡವನ್ನು ಸೋಲಿಸಿತು.

ಇರುವುದು ಒಂದೇ ಚೆಂಡು. ತಂಡವೊಂದಕ್ಕೆ ದಾಳಿಯ ಸರದಿ ಸಿಗುವುದು ಪಂದ್ಯಕ್ಕೆ ಸುಮಾರು 90ರಿಂದ 100 ಸಲ. ಸಿಯಾಟಲ್‌ನಲ್ಲಿ ಪಂದ್ಯಕ್ಕೆ 21 ಶಾಟ್ ಹೊಡೆಯುತ್ತಿದ್ದ ಆಲೆನ್‌ಗೆ ಬಾಸ್ಟನ್‌ನಲ್ಲಿ ಸಿಕ್ಕಿದ್ದು 13.5. ಜೊತೆಗೆ, ದೊಡ್ಡ ಅಂತರದಿಂದ ಮುಂದಿರುವ ತಂಡ ಕೊನೆಯ ಕ್ವಾರ್ಟರ್‌ನಲ್ಲಿ ತಾರೆಯರನ್ನು ಬೆಂಚಿನಲ್ಲಿ ಕೂರಿಸುತ್ತದೆ. ಅಲ್ಲೂ ಐದಾರು ಪಾಯಿಂಟ್ ಹೋಗಬಹುದು.

ಆದರೆ ಉಳಿದ ಶಾಟ್‌ಗಳು ಸುಲಭವಾಗುತ್ತವೆ. ಗಾರ್ನೆಟ್ ಸ್ಕ್ರೀನ್ ಹಾಕಿ, ಅಂದರೆ ಡಿಫೆಂಡರ್ ದಾರಿಗೆ ಅಡ್ಡವಾಗಿ ನಿಂತಿದ್ದಾರೆ, ಆಲೆನ್ ಅವರ ಭುಜ ಸವರಿಕೊಂಡೇ ಓಡುತ್ತಾರೆ ಎನ್ನಿ. ಬೆನ್ನಟ್ಟಿದ ಡಿಫೆಂಡರ್ ಗಾರ್ನೆಟ್ ಮೈಗೆ ತಗುಲಿ ಅರ್ಧ ಸೆಕೆಂಡ್ ಹಿಂದೆ ಬೀಳುತ್ತಾನೆ. ಗಾರ್ನೆಟ್‌ರನ್ನು ಕಾಯುವವನು ಆಲೆನ್ ಕಡೆ ಹೆಜ್ಜೆ ಹಾಕಿದರೆ ಪಾಸ್ ಗಾರ್ನೆಟ್‌ಗೆ. ಹಾಕದಿದ್ದರೆ ಆಲೆನ್ ಎದುರು ಯಾರೂ ಇಲ್ಲ. ಆ ವರ್ಷ ಗಾರ್ನೆಟ್ ಶಾಟ್‌ಗಳಲ್ಲಿ ಬುಟ್ಟಿ ಸೇರಿದ ಪ್ರಮಾಣ ಶೇ 47.6ರಿಂದ 53.9ಕ್ಕೆ ಏರಿತು. ಇಂಥ ಬದಲಾವಣೆಯನ್ನು ಅಳೆಯಲು ಪಾಯಿಂಟ್ ಸರಾಸರಿಯೊಂದೇ ಸಾಲದು.

ಪ್ರಶ್ನೆ: ಹಾಗಾದರೆ ಹೆಚ್ಚು ಪಾಯಿಂಟ್ ಬೇಕೆಂದರೆ ದುರ್ಬಲ ತಂಡವೇ ಸರಿಯೇ? (ಧಾರವಾಡದ ಓದುಗರು)

ಒಂದು ಮಟ್ಟದವರೆಗೆ ಹೌದು. ಲೇಕರ್ಸ್ ಬೆಂಚಿನಲ್ಲಿದ್ದ ಟೋನಿ ಕ್ಯಾಂಪ್‌ಬೆಲ್ 1989-90ರಲ್ಲಿ ಹೊಸದಾಗಿ ಹುಟ್ಟಿದ ಮಿನ್ನೆಸೋಟಾ ತಂಡಕ್ಕೆ ಹೋಗಿ 23.2ರ ಸರಾಸರಿ ಗಳಿಸಿದರು. ತಂಡ ಗೆದ್ದದ್ದು 22 ಪಂದ್ಯ. ಆದರೆ ಜೊತೆಗಾರರಿಗೆ ದೂರದಿಂದ ಹೊಡೆಯಲು ಬಾರದಿದ್ದರೆ ಎದುರಾಳಿಗಳು ಅವರನ್ನು ಬಿಟ್ಟು ನಿಮ್ಮ ಮೇಲೆ ಇಬ್ಬರನ್ನು ಹಾಕುತ್ತಾರೆ. ಶಾಟ್ ಸಂಖ್ಯೆ ಏರುತ್ತದೆ, ಗುಣಮಟ್ಟ ಕುಸಿಯುತ್ತದೆ. 2005-06ರಲ್ಲಿ ಕೋಬಿ ಬ್ರಯಾಂಟ್ 35.4 ಗಳಿಸಲು ಪಂದ್ಯಕ್ಕೆ 27.2 ಶಾಟ್ ಹೊಡೆದರು. ಆ ಭಾರ ಹೊರುವವರು ಅಪರೂಪ. ಬಲಿಷ್ಠ ತಂಡದಲ್ಲೂ ಅಗ್ರ ಸ್ಕೋರರ್ ಆಗಬಹುದೆಂಬುದಕ್ಕೆ ಮೈಕೆಲ್ ಜೋರ್ಡನ್ (1995-96ರಲ್ಲಿ 30.4, ತಂಡಕ್ಕೆ 72 ಗೆಲುವು) ಮತ್ತು ಸ್ಟೀಫನ್ ಕರಿ (2015-16ರಲ್ಲಿ 30.1, 73 ಗೆಲುವು) ಸಾಕ್ಷಿ. ಶಾಟ್ ಹೊಡೆಯಲು ಇಬ್ಬರೂ ತಂಡದ ಮೊದಲ ಆಯ್ಕೆಯಾಗಿದ್ದರು ಎಂಬುದನ್ನು ಮರೆಯಬೇಡಿ. ಇಳಿಕೆಯ ಪೆಟ್ಟು ಹೆಚ್ಚಾಗಿ ಬೀಳುವುದು ಎರಡನೇ, ಮೂರನೇ ಆಯ್ಕೆಗೆ.

ಪ್ರಶ್ನೆ: ಶಾಟ್‌ಗಳನ್ನು ಯಾರು ಚೆನ್ನಾಗಿ ಬಳಸುತ್ತಾರೆಂದು ನಮ್ಮ ಕ್ಲಬ್ ಹುಡುಗರಿಗೆ ಲೆಕ್ಕ ಹಾಕುವುದು ಹೇಗೆ? (ಮಂಡ್ಯದ ತರಬೇತುದಾರರು)

ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಯತ್ನಗಳನ್ನು 0.44ರಿಂದ ಗುಣಿಸಿ, ಶಾಟ್ ಯತ್ನಗಳಿಗೆ ಕೂಡಿಸಿ, ಬಂದದ್ದನ್ನು ಇಮ್ಮಡಿ ಮಾಡಿ. ಅದರಿಂದ ಪಾಯಿಂಟ್‌ಗಳನ್ನು ಭಾಗಿಸಿ. 20 ಶಾಟ್, 6 ಫ್ರೀ ಥ್ರೋಗಳಲ್ಲಿ 24 ಪಾಯಿಂಟ್ ಹೊಡೆದವನಿಗೆ 24 ÷ 45.28, ಅಂದರೆ 0.53. 11 ಶಾಟ್, 4 ಫ್ರೀ ಥ್ರೋಗಳಲ್ಲಿ 17 ಹೊಡೆದವನಿಗೆ 0.67. ಶಾಟ್‌ಗಳನ್ನು ಚೆನ್ನಾಗಿ ಬಳಸಿಕೊಂಡವನು ಎರಡನೆಯವನೇ.

ಎಲ್ಲರೂ ಎಡವುವುದು ಇಲ್ಲಿ: ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ತಪ್ಪಿದ ಶಾಟ್‌ಗಳು ದಾಖಲಾಗುವುದಿಲ್ಲ, ಆಡಿದ ನಿಮಿಷಗಳೂ ಇರುವುದಿಲ್ಲ. ಬೆಂಚಿನಲ್ಲಿ ಒಬ್ಬರನ್ನು ಬೇರೆ ಹಾಳೆ ಹಿಡಿಸಿ ಕೂರಿಸಿ. ಫೌಲ್ ಆಗಿ ಶಾಟ್ ತಪ್ಪಿದರೆ ಅದನ್ನು ಯತ್ನವೆಂದು ಬರೆಯಬಾರದು, ಫ್ರೀ ಥ್ರೋಗಳನ್ನಷ್ಟೇ ಬರೆಯಬೇಕು. ಫೌಲ್ ಆಗಿಯೂ ಬುಟ್ಟಿ ಸೇರಿದರೆ ಎರಡನ್ನೂ ಬರೆಯಬೇಕು. ಒಂದೆರಡು ಪಂದ್ಯ ನೋಡಿ ತೀರ್ಮಾನಿಸಬೇಡಿ, ಕನಿಷ್ಠ ಹತ್ತು ಪಂದ್ಯಗಳ ಹಾಳೆ ಕೂಡಿಹಾಕಿಕೊಳ್ಳಿ.