‘ಸಮ್‌ಥಿಂಗ್ ಇನ್ ದ ರೇನ್’: ನಾಲ್ಕು ವರ್ಷ ದೊಡ್ಡವಳಾದ್ರೆ ಇಷ್ಟೊಂದು ರಾದ್ಧಾಂತ ಯಾಕೆ?

ನೀವು ಕೇಳಿದ್ದು ಇಷ್ಟು: ಕೊರಿಯನ್ ಟಿವಿ ಸರಣಿ ‘ಸಮ್‌ಥಿಂಗ್ ಇನ್ ದ ರೇನ್’ ಅರ್ಧ ನೋಡಿ ಮುಗಿಸಿದ್ದೀರಿ. ಹುಡುಗಿ ಹುಡುಗನಿಗಿಂತ ನಾಲ್ಕು ವರ್ಷ ದೊಡ್ಡವಳು ಅನ್ನೋದು ಕೊರಿಯಾದಲ್ಲಿ ಅಷ್ಟು ದೊಡ್ಡ ಅಪರಾಧವಾ? ಮುಂದೆ ನೋಡಿದ್ರೆ ನಾಯಕಿ ಜಿನ್-ಆ ಮೇಲೆ ಸಿಟ್ಟು ಬರುತ್ತೆ, ಇಲ್ಲಿಗೇ ನಿಲ್ಲಿಸು ಅಂತ ಗೆಳತಿಯರು ಹೇಳ್ತಿದ್ದಾರೆ, ನಿಲ್ಲಿಸಲಾ?

ನಿಲ್ಲಿಸಬೇಡಿ. ಸಿಟ್ಟು ಬರೋದಂತೂ ಖಂಡಿತ. ಆದರೆ ಆ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಬರಲಿ ಅಂತಲೇ ಬರೆದಿರೋದು. ಉತ್ತರ ಹೇಳಬೇಕಾದರೆ ಮುಂದಿನ ಕಥೆಯನ್ನೂ ಹೇಳಲೇಬೇಕು, ಗೊತ್ತಾಗೋದು ಬೇಡ ಅನ್ನುವವರು ಇಲ್ಲಿಂದ ಮುಂದಕ್ಕೆ ಓದಬೇಡಿ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. ಕಥೆಯಲ್ಲಿ ಯೂನ್ ಜಿನ್-ಆಗೆ 35, ನಾಯಕ ಸೊ ಜೂನ್-ಹೀಗೆ 31. ಅದೂ ಹಳೆಯ ಕೊರಿಯನ್ ಲೆಕ್ಕ. ಹುಟ್ಟಿದಾಗಲೇ ಒಂದು ವರ್ಷ, ಆಮೇಲೆ ಪ್ರತಿ ಜನವರಿ ಒಂದಕ್ಕೆ ಎಲ್ಲರಿಗೂ ಒಟ್ಟಿಗೇ ಇನ್ನೊಂದು. 2023ರ ಜೂನ್‌ನಲ್ಲಿ ಕಾನೂನು ಬದಲಾಯಿಸಿ, ಕಾಗದಪತ್ರದ ಮಟ್ಟಿಗೆ ಅಲ್ಲಿನವರೆಲ್ಲ ಒಂದೆರಡು ವರ್ಷ ಚಿಕ್ಕವರಾದರು! ಪಾತ್ರ ಮಾಡಿದವರ ನಡುವಿನ ಅಂತರ ಕಥೆಯಲ್ಲಿರೋದಕ್ಕಿಂತ ಹೆಚ್ಚು: ಸನ್ ಯೇ-ಜಿನ್ ಹುಟ್ಟಿದ್ದು 1982ರಲ್ಲಿ, ಜಂಗ್ ಹೇ-ಇನ್ 1988ರಲ್ಲಿ. ತೆರೆಯ ಮೇಲೆ ಅದು ಯಾರ ಗಮನಕ್ಕೂ ಬರಲ್ಲ.

ಇನ್ನು ಕೊರಿಯಾದವರಿಗೆ ಇದೇನು ಹೊಸದಾ ಅಂದರೆ, ಅಲ್ಲ. 2005ರಲ್ಲೇ ಎಂಬಿಸಿ ಚಾನೆಲ್‌ನಲ್ಲಿ ‘ಮೈ ನೇಮ್ ಈಸ್ ಕಿಮ್ ಸಾಮ್-ಸೂನ್’ ಬಂದಿತ್ತು. ಮೂವತ್ತರ, ಬಾಯಿಬಡುಕಿ ಪೇಸ್ಟ್ರಿ ಶೆಫ್ ಈ ಸಾಮ್-ಸೂನ್. ಅವಳ ಹೋಟೆಲ್ ಮಾಲೀಕ ಅವಳಿಗಿಂತ ಮೂರು ವರ್ಷ ಚಿಕ್ಕವನು. ಕೊನೆಯ ಎಪಿಸೋಡಿಗೆ ರೇಟಿಂಗ್ ಶೇಕಡಾ 50 ದಾಟಿತ್ತು. ಅದರಲ್ಲಿ ಆ ಮಾಲೀಕನಾಗಿದ್ದ ಹ್ಯುನ್ ಬಿನ್ ಅವರೇ 2022ರಲ್ಲಿ ಸನ್ ಯೇ-ಜಿನ್ ಅವರನ್ನು ಮದುವೆಯಾಗಿದ್ದು, ಇದು ಸುಮ್ಮನೆ ಮಾತಿಗೆ. ಈಗಿನ ಸರ್ಕಾರಿ ಅಂಕಿಅಂಶ ನೋಡಿದರೂ ಅಲ್ಲಿ ಇಬ್ಬರಿಗೂ ಮೊದಲನೆಯದಾದ ಮದುವೆಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಹೆಂಡತಿಯೇ ದೊಡ್ಡವಳು. ಹಾಗಾಗಿ 2018ರಲ್ಲಿ ಜೆಟಿಬಿಸಿ ಚಾನೆಲ್ ‘ಸಮ್‌ಥಿಂಗ್ ಇನ್ ದ ರೇನ್’ ಪ್ರಸಾರ ಮಾಡಿದಾಗ ನಾಲ್ಕು ವರ್ಷದ ಅಂತರ ಯಾರ ಹುಬ್ಬನ್ನೂ ಏರಿಸುವಂಥದ್ದಲ್ಲ.

ಹಾಗಾದರೆ ಜಗಳ ಯಾತಕ್ಕೆ? ಮನೆತನಕ್ಕೆ.

ಜೂನ್-ಹೀ ಬೇರೆ ಯಾರೂ ಅಲ್ಲ, ಜಿನ್-ಆಳ ಪ್ರಾಣಸ್ನೇಹಿತೆ ಕ್ಯೂಂಗ್-ಸನ್‌ಳ ತಮ್ಮ. ಅವರ ತಾಯಿ ತೀರಿಕೊಂಡು, ತಂದೆ ಮಕ್ಕಳನ್ನು ಬಿಟ್ಟು ಬೇರೆ ಸಂಸಾರ ಹೂಡಿದ ಮೇಲೆ ಅಕ್ಕನೇ ತಮ್ಮನನ್ನು ಸಾಕಿದ್ದಾಳೆ. ಜಿನ್-ಆಳ ಅಮ್ಮ ಆ ಇಬ್ಬರನ್ನೂ ಸ್ವಂತ ಮಕ್ಕಳ ಹಾಗೆ ಕಂಡವರೇ. ‘ನೀವೂ ನಮ್ಮ ಮಕ್ಕಳೇ’ ಅನ್ನೋ ಧಾಟಿ. ಅದೇ ಹುಡುಗ ಅಳಿಯನಾಗುತ್ತಾನೆ ಅಂದ ತಕ್ಷಣ ತಾಯಿಲ್ಲದ ಮನೆ, ಓಡಿಹೋದ ಅಪ್ಪ, ಎಲ್ಲ ಹೊರಗೆ ಬರುತ್ತೆ. ಅಷ್ಟು ವರ್ಷ ತೋರಿಸಿದ ಪ್ರೀತಿ ಕನಿಕರವಾಗಿತ್ತು ಅಂತ ಕ್ಯೂಂಗ್-ಸನ್‌ಗೆ ಗೊತ್ತಾಗುವ ಘಟ್ಟ ಇದೆಯಲ್ಲ, ನನಗೆ ಇಡೀ ಸರಣಿಯಲ್ಲಿ ಅದಕ್ಕಿಂತ ಹೊಟ್ಟೆ ಕಿವುಚುವ ದೃಶ್ಯ ಇನ್ನೊಂದಿಲ್ಲ. ಪ್ರೇಮಿಗಳು ಅಗಲುವುದೂ ಅದರ ಮುಂದೆ ಸಪ್ಪೆ.

ಆ ಅಮ್ಮನಿಗೆ ಬೇಕಾಗಿದ್ದು ಎಂಥವನು? ನೀವೇ ನೋಡಿದ್ದೀರಿ: ಲಾಯರ್ ಗ್ಯು-ಮಿನ್. ಮಗಳಿಗೆ ಮೋಸ ಮಾಡಿದವನು, ಬಿಟ್ಟುಹೋದ ಮೇಲೂ ಬೆನ್ನು ಬಿಡದವನು, ಅವಳನ್ನು ಕಾರಿನಲ್ಲಿ ಹಾಕಿಕೊಂಡು ಹುಚ್ಚನ ಹಾಗೆ ಓಡಿಸಿದವನು. ಅವನ ಬಣ್ಣ ಬಯಲಾದ ಮೇಲೆ ಅಮ್ಮ ಬದಲಾಗಿದ್ದು ಇಷ್ಟೇ: ಆ ಗಂಡು ಬೇಡ, ಅಂಥದೇ ಉದ್ಯೋಗದ, ಅಂಥದೇ ಮನೆತನದ ಇನ್ನೊಂದು ಗಂಡು ಬೇಕು. ಸಿಯೋಲ್‌ನ ಕಾಫಿ ಶಾಪಿನಲ್ಲಿ ಕೂರಿಸಿ ಮಾಡುವ ಹೆಣ್ಣು-ಗಂಡು ನೋಡುವ ಶಾಸ್ತ್ರಕ್ಕೆ ಮಗಳನ್ನು ಕಳಿಸುತ್ತಾರೆ. ಇದನ್ನೆಲ್ಲ ನೋಡುವಾಗ ನಮ್ಮವರಿಗೆ ವಿಶೇಷ ವಿವರಣೆ ಏನೂ ಬೇಕಾಗಲ್ಲ ಬಿಡಿ. ‘ನಮ್ಮ ಹುಡುಗಿಗೆ ಏನು ಕಮ್ಮಿ’ ಅನ್ನೋ ಸಾಲನ್ನು ಸಬ್‌ಟೈಟಲ್ ಇಲ್ಲದೆಯೇ ಅರ್ಥ ಮಾಡಿಕೊಳ್ಳುವ ಜನ ನಾವು.

ಆದರೆ ಇದು ಅಮ್ಮ ವರ್ಸಸ್ ಪ್ರೇಮಿ ಅಂತಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಆಫೀಸಿನ ಭಾಗವನ್ನು ಬಹಳ ಜನ ಪ್ರೇಮದ ನಡುವಿನ ಅಡಚಣೆ ಅಂತ ಫಾರ್ವರ್ಡ್ ಮಾಡಿಕೊಂಡು ಹೋಗುತ್ತಾರೆ. ನನ್ನ ಪ್ರಕಾರ ಕಥೆಯ ಬೀಗದ ಕೈ ಇರೋದೇ ಅಲ್ಲಿ.

ಜಿನ್-ಆ ಕಾಫಿ ಕಂಪನಿಯಲ್ಲಿ ಸೂಪರ್‌ವೈಸರ್, ಫ್ರಾಂಚೈಸಿ ಅಂಗಡಿಗಳನ್ನು ನೋಡಿಕೊಳ್ಳುವ ಕೆಲಸ. ಆಫೀಸಿನಲ್ಲಿ ಅವಳ ಅಡ್ಡಹೆಸರು ನೆನಪಿದೆಯಾ? ‘ಯೂನ್ ಟ್ಯಾಂಬರಿನ್’, ಕೈಯಲ್ಲಿ ಹಿಡಿದು ಬಡಿಯುವ ಆ ಗೆಜ್ಜೆ-ವಾದ್ಯದ ಹೆಸರೇ. ಕೆಲಸ ಮುಗಿದ ಮೇಲೆ ಎಲ್ಲರೂ ಸೇರಿ ಕುಡಿಯಲೇಬೇಕಾದ ಕಂಪನಿ ಊಟಗಳು ಅಲ್ಲಿ ಹೆಸರಿಗೆ ಮಾತ್ರ ಐಚ್ಛಿಕ. ಊಟ ಆದ ಮೇಲೆ ಕರೋಕೆ ರೂಮು. ಮೇಲಿನವರು ಮೈಕ್ ಹಿಡಿದು ಕಿರುಚುತ್ತಾರೆ, ಇವಳು ನಗುನಗುತ್ತಾ ಟ್ಯಾಂಬರಿನ್ ಬಡಿಯಬೇಕು, ಒಬ್ಬ ಸೊಂಟಕ್ಕೆ ಕೈ ಹಾಕಿದರೆ ನಯವಾಗಿ ಜಾರಿಕೊಳ್ಳಬೇಕು, ಮತ್ತೆ ಬಡಿಯಬೇಕು. ಯಾರಿಗೂ ಬೇಜಾರು ಮಾಡದ ಹುಡುಗಿ ಅನ್ನೋದೇ ಅವಳ ಪಾಲಿನ ಪ್ರಮೋಷನ್. ಮನೆಯಲ್ಲೂ ಅದೇ ಕಥೆ. ಅಮ್ಮ ಅಂದರೆ ‘ಹೂಂ’, ಬಾಸ್ ಅಂದರೆ ‘ಹೂಂ’, ಹಳೆಯ ಬಾಯ್‌ಫ್ರೆಂಡ್ ಫೋನ್ ಮಾಡಿದರೂ ಎತ್ತಿ ಒಂದು ‘ಹೂಂ’.

ಜೂನ್-ಹೀ ಬಂದ ಮೇಲೆ ಮೊದಲು ಬದಲಾಗೋದು ಮನೆಯಲ್ಲಲ್ಲ, ಆಫೀಸಿನಲ್ಲಿ. ಒಂದು ಕಂಪನಿ ಊಟದಲ್ಲಿ ಮಾಂಸ ಸುಡುವ, ಗ್ಲಾಸು ತುಂಬಿಸುವ ಚಾಕರಿಯನ್ನು ಅವಳು ಮಾಡಲ್ಲ. ಅಷ್ಟೇ. ದೊಡ್ಡ ಭಾಷಣವಿಲ್ಲ, ಕೈ ಕಟ್ಟಿ ಕೂರುತ್ತಾಳೆ. ಗಂಡಸರ ಮುಖಗಳು ಒಂದೊಂದಾಗಿ ಗಂಟಾಗೋದನ್ನು ಕ್ಯಾಮೆರಾ ನಿಧಾನವಾಗಿ ನೋಡುತ್ತೆ. ಆಮೇಲೆ ಅವಳು ಕೊಡುವ ಕಾರಣದ ಸಾರಾಂಶ ಇಷ್ಟು: ಒಬ್ಬ ನನ್ನನ್ನು ಇಷ್ಟು ಜೋಪಾನ ಮಾಡುತ್ತಿರುವಾಗ, ನನ್ನನ್ನು ನಾನೂ ಜೋಪಾನ ಮಾಡಿಕೊಳ್ಳಬೇಕು ಅನ್ನಿಸಿತು.

ಇದು ಪ್ರಸಾರವಾದ ಹೊತ್ತನ್ನೂ ಗಮನಿಸಿ. 2018ರ ಜನವರಿ 29ರಂದು ಸೊ ಜಿ-ಹ್ಯುನ್ ಎಂಬ ಸರ್ಕಾರಿ ಪ್ರಾಸಿಕ್ಯೂಟರ್ ಇದೇ ಜೆಟಿಬಿಸಿಯ ನ್ಯೂಸ್ ಕಾರ್ಯಕ್ರಮದಲ್ಲಿ ಕೂತು, ತನ್ನ ಮೇಲಧಿಕಾರಿಯಾಗಿದ್ದವರೊಬ್ಬರು ನಡೆಸಿದ ಲೈಂಗಿಕ ಕಿರುಕುಳವನ್ನು ಮುಖ ಮರೆಸದೆ ಹೇಳಿದರು. ಕೊರಿಯಾದ ಮೀಟೂ ಹೊತ್ತಿಕೊಂಡಿದ್ದು ಅಲ್ಲಿಂದ. ಎರಡು ತಿಂಗಳ ನಂತರ, ಮಾರ್ಚ್ 30ಕ್ಕೆ, ಅದೇ ಚಾನೆಲ್‌ನಲ್ಲಿ ಈ ಸರಣಿ ಶುರುವಾಯಿತು. ಬಾಸ್‌ಗಳ ಮೇಲೆ ದೂರು ಕೊಡುವ ಕಥೆ ಮುಂದಿನ ಎಪಿಸೋಡುಗಳಲ್ಲಿ ನೀವು ನೋಡುತ್ತೀರಿ. ಗುಸುಗುಸು ಅನ್ನುವಾಗ ಜೊತೆಗಿದ್ದ ಸಹೋದ್ಯೋಗಿಗಳು ಸಹಿ ಹಾಕುವ ಹೊತ್ತಿಗೆ ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ, ಕೊನೆಗೆ ಕಂಪನಿ ಇವಳನ್ನೇ ಮೂಲೆಗೆ ತಳ್ಳುತ್ತೆ. ಇದನ್ನು ಫಾರ್ವರ್ಡ್ ಮಾಡಿದರೆ ಜಿನ್-ಆ ಅರ್ಥವಾಗಲ್ಲ.

ಪ್ರೇಮದ ಬಗ್ಗೆ ಹೇಳದೇ ಇದ್ದರೆ ಅನ್ಯಾಯ. ಕೆಂಪು ಕೊಡೆಯ ದೃಶ್ಯವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಮೇಜಿನ ಕೆಳಗಿನ ಕೈ ಇಷ್ಟ. ಆಫೀಸಿನ ಇನ್ನೊಬ್ಬ ಹುಡುಗಿಯೂ ಕೂತಿದ್ದಾಳೆ, ಅವಳ ಕಣ್ಣು ಜೂನ್-ಹೀ ಮೇಲಿದೆ. ಮೇಲೆ ಗ್ಲಾಸು, ಹರಟೆ. ಕೆಳಗೆ ಜಿನ್-ಆ ಕೈ ಚಾಚಿ ಅವನ ಕೈ ಹಿಡಿಯುತ್ತಾಳೆ. ಅವನು ಬೆಚ್ಚಿ ಕಲ್ಲಾಗುತ್ತಾನೆ. ಅಲ್ಲಿಯವರೆಗೆ ಎಲ್ಲರ ಮಾತಿಗೂ ತಲೆಯಾಡಿಸಿಕೊಂಡೇ ಬದುಕಿದವಳು ತನಗೆ ಬೇಕಾದ್ದನ್ನು ತಾನೇ ಕೈ ಹಾಕಿ ತಗೊಂಡಿದ್ದು ಅದೇ ಮೊದಲು. ನಿರ್ದೇಶಕ ಆನ್ ಪಾನ್-ಸೊಕ್ ಅವರ ಶೈಲಿಯೇ ಇಂಥದ್ದು: ಮಬ್ಬು ಬೆಳಕು, ಕತ್ತರಿಸದ ಉದ್ದುದ್ದ ಶಾಟು, ನಟರು ಮಾತು ತೊದಲಿದರೂ ನಕ್ಕರೂ ಹಾಗೇ ಬಿಟ್ಟಂತೆ ಕಾಣುತ್ತೆ. ಪಕ್ಕದ ಟೇಬಲ್‌ನಲ್ಲಿ ಕೂತು ಕದ್ದು ನೋಡುತ್ತಿದ್ದೇವೇನೋ ಅನ್ನಿಸುವಷ್ಟು.

ಈಗ ಜನ ಬಯ್ಯುವ ವಿಷಯ. ಜೂನ್-ಹೀ ಅಷ್ಟು ಗಟ್ಟಿಯಾಗಿ ನಿಂತಾಗಲೂ ಇವಳು ಅಮ್ಮ ಹೇಳಿದ ಗಂಡನ್ನು ನೋಡೋಕೆ ಹೋಗುತ್ತಾಳೆ, ಅದನ್ನು ಮುಚ್ಚಿಡುತ್ತಾಳೆ. ಅವನಿಗೆ ಸುತರಾಂ ಬೇಡವಾದ ಅಪ್ಪನನ್ನು ಅವನಿಗೆ ಹೇಳದೆ ಭೇಟಿಯಾಗುತ್ತಾಳೆ. ಅವನು ಅಮೆರಿಕಕ್ಕೆ ಹೋಗೋಣ ಬಾ ಅಂದಾಗ ಬರಲ್ಲ ಅನ್ನುತ್ತಾಳೆ. ‘ಬೆನ್ನೆಲುಬಿಲ್ಲದವಳು’ ಅಂತ ಬಯ್ಯುವುದು ಇದಕ್ಕೇ.

ನಾನು ಈ ಬೈಗುಳದ ಅರ್ಧ ಮಾತ್ರ ಒಪ್ಪುತ್ತೇನೆ. ಮೂವತ್ತೈದು ವರ್ಷ ‘ಹೂಂ’ ಅಂದು ರೂಢಿಯಾದವಳು ಒಂದು ಪ್ರೇಮದಿಂದ ರಾತ್ರೋರಾತ್ರಿ ಬದಲಾಗಿಬಿಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಆಫೀಸಿನಲ್ಲಿ ಬಾಸ್‌ಗೆ ಇಲ್ಲ ಅನ್ನೋದು ಅವಳಿಗೆ ಮೊದಲು ಸಾಧ್ಯವಾಗುತ್ತೆ, ಅಮ್ಮನಿಗೆ ಇಲ್ಲ ಅನ್ನೋದು ಕೊನೆಗೂ ಕಷ್ಟವೇ. ಇದು ನಿಜಜೀವನದ ಕ್ರಮ. ಇನ್ನು ಅಮೆರಿಕಕ್ಕೆ ಬಾ ಅನ್ನೋದನ್ನು ಎಲ್ಲರೂ ಜೂನ್-ಹೀಯ ತ್ಯಾಗ ಅಂತ ನೋಡುತ್ತಾರೆ. ನನಗೆ ಅದು ಓಟ ಅನ್ನಿಸಿತು. ಸಮಸ್ಯೆ ಬಂದಾಗ ದೇಶ ಬಿಡೋದು ಅವನ ಹಳೇ ಚಾಳಿ ಇರಬಹುದು, ದೂರು ಕೊಟ್ಟು ಒಬ್ಬಳೇ ಹೋರಾಡುತ್ತಿರುವವಳಿಗೆ ಆ ದಾರಿ ಹೇಗೆ ಹಿಡಿಸೀತು?

ಉಳಿದರ್ಧ ಬೈಗುಳ ಬರಹಗಾರ್ತಿ ಕಿಮ್ ಯುನ್ ಅವರಿಗೆ ಸಲ್ಲಬೇಕು. ಹದಿನಾರು ಎಪಿಸೋಡಿನ ಕಥೆಯಲ್ಲಿ ಕೊನೆಯ ಮೂರ್ನಾಲ್ಕು, ಬೇಯಿಸಿದ ಅನ್ನವನ್ನೇ ಮತ್ತೆ ಒಲೆ ಮೇಲಿಟ್ಟ ಹಾಗಿವೆ. ಅದೇ ಅಮ್ಮ, ಅದೇ ಕಿರುಚಾಟ, ಅದೇ ಅಳು. ಆಮೇಲೆ ದಿಢೀರ್ ಅಂತ ಮೂರು ವರ್ಷ ಹಾರಿ, ಜಿನ್-ಆಳ ತಮ್ಮನ ಮದುವೆಯಲ್ಲಿ ಇಬ್ಬರೂ ಎದುರಾಗುತ್ತಾರೆ, ಅವಳ ಪಕ್ಕದಲ್ಲಿ ಇನ್ನೊಬ್ಬ! ಆ ಇನ್ನೊಬ್ಬ ಯಾರು, ಹೇಗೆ ಬಂದ, ಇವಳಿಗೆ ಅವನಲ್ಲಿ ಏನು ಕಂಡಿತು, ಒಂದಕ್ಕೂ ಸಮಜಾಯಿಷಿ ಇಲ್ಲ. ಜೇಜು ದ್ವೀಪದ ಮಳೆಯಲ್ಲಿ ರಾಜಿಯಾಗಿಸಿ ಮುಗಿಸಿಬಿಡುತ್ತಾರೆ. ಮೂರು ವರ್ಷದಲ್ಲಿ ಅವಳೊಳಗೆ ಏನಾಯಿತು ಅನ್ನೋದೇ ತೋರಿಸಬೇಕಾದ ಕಥೆಯಾಗಿತ್ತು, ಅದನ್ನೇ ಬಿಟ್ಟಿದ್ದಾರೆ. ಹಾಂ, ಹಾಡಿನ ಬಗ್ಗೆಯೂ ಒಂದು ದೂರು. ಕಾರ್ಲಾ ಬ್ರೂನಿ ದನಿಯ ಆ ಹಳೇ ಇಂಗ್ಲಿಷ್ ಹಾಡು ಮೊದಲ ಸಲ ಕೇಳಿದಾಗ ಮುದ, ಹತ್ತನೇ ಎಪಿಸೋಡಿನ ಹೊತ್ತಿಗೆ ರಿಮೋಟ್ ಹುಡುಕುವಂತೆ ಮಾಡುತ್ತೆ.

ನಿಮಗೆ ನಿಜವಾಗಿಯೂ ಬೇಕಾಗಿರೋದು ವಯಸ್ಸಿನ ಅಂತರವೇ ಕಥೆಯ ಬೆಂಕಿಯಾಗಿರುವ ಸರಣಿ ಅಂತಾದರೆ, ಇದೇ ನಿರ್ದೇಶಕರ 2014ರ ‘ಸೀಕ್ರೆಟ್ ಲವ್ ಅಫೇರ್’ ನೋಡಿ. ಅವಳಿಗೆ ನಲವತ್ತು, ಮದುವೆಯಾದವಳು, ಶ್ರೀಮಂತರ ಕಲಾ ಪ್ರತಿಷ್ಠಾನವೊಂದರಲ್ಲಿ ಅವರ ಎಲ್ಲ ಕೊಳಕನ್ನೂ ತೊಳೆಯುವ ಅಧಿಕಾರಿ. ಅವನಿಗೆ ಇಪ್ಪತ್ತು, ಪಾರ್ಸೆಲ್ ಹಂಚುವ ಬಡ ಹುಡುಗ, ಪಿಯಾನೋ ಮುಟ್ಟಿದರೆ ಗಂಧರ್ವ. ಕಿಮ್ ಹೀ-ಏ ಮತ್ತು ಯೂ ಆ-ಇನ್ ಒಂದೇ ಪಿಯಾನೋ ಮುಂದೆ ಕೂತು ಶೂಬರ್ಟ್‌ನ ನಾಲ್ಕು ಕೈಗಳ ಫ್ಯಾಂಟಸಿ ನುಡಿಸುವ ದೃಶ್ಯದಲ್ಲಿ ಮುತ್ತಿಲ್ಲ, ಅಪ್ಪುಗೆಯಿಲ್ಲ, ಆದರೂ ಮನೆಯವರ ಜೊತೆ ಕೂತು ನೋಡಲು ಸಂಕೋಚವಾಗುತ್ತೆ. ಗಂಡು ದೊಡ್ಡವನಾದರೆ ಮಾತ್ರ ಈ ಗಲಾಟೆಯೇ ಇರಲ್ಲ ನೋಡಿ. ‘ಗಾಬ್ಲಿನ್’ ಸರಣಿಯಲ್ಲಿ ಅವನು ಸಾವಿಲ್ಲದವನು, ವಯಸ್ಸು 939 ವರ್ಷ, ಅವಳಿನ್ನೂ ಹೈಸ್ಕೂಲು, ದೇಶವೇ ಕಣ್ಣೊರೆಸಿಕೊಂಡು ನೋಡಿತು!

ಹಾಗಾಗಿ ಮುಗಿಸಿ. ಮುಗಿಸಿದ ಮೇಲೆ ಬಾಯಿ ಕಹಿಯಾಗಿದ್ದರೆ 2019ರ ‘ಒನ್ ಸ್ಪ್ರಿಂಗ್ ನೈಟ್’ ಹಾಕಿ. ಅದೇ ನಿರ್ದೇಶಕ, ಅದೇ ಬರಹಗಾರ್ತಿ, ಅದೇ ಜಂಗ್ ಹೇ-ಇನ್. ಅವನು ಮಗನನ್ನು ಒಬ್ಬನೇ ಸಾಕುತ್ತಿರುವ ಫಾರ್ಮಸಿಸ್ಟ್, ನಾಯಕಿ ಹಾನ್ ಜಿ-ಮಿನ್ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಅವಳಪ್ಪನಿಗೆ ಬೇರೆಯದೇ ಅಳಿಯ ಬೇಕು. ಸಮಸ್ಯೆ ಅದೇ, ಆದರೆ ಈ ಹುಡುಗಿ ಅಪ್ಪನ ಎದುರು ಕೂತು ಬಾಯಿಬಿಟ್ಟು ಆಗಲ್ಲ ಅನ್ನುತ್ತಾಳೆ. ಜಿನ್-ಆಳ ಹದಿನಾರು ಎಪಿಸೋಡು ನೋಡಿ ಬಂದವರಿಗೆ ಆ ಒಂದು ‘ಆಗಲ್ಲ’ದ ರುಚಿಯೇ ಬೇರೆ. ಅದಕ್ಕೇ ಮೊದಲು ಇದು, ಆಮೇಲೆ ಅದು.