ಬೂದುಗುಂಬಳಕ್ಕೂ ಹಾಸ್ಟೆಲ್ ವಾರ್ಡನ್‌ಗೂ ಏನು ನಂಟು?

ಪ್ರಶ್ನೆ: ಸರ್, ಇಂಗ್ಲಿಷ್ ಪತ್ರಿಕೆಯಲ್ಲಿ ಸೊಳ್ಳೆಕಾಟದ ಸುದ್ದಿ ಓದುವಾಗ ‘ವಾರ್ಡ್ ಆಫ್’ ಅಂತ ಬಂತು. ಆಸ್ಪತ್ರೆ ವಾರ್ಡ್ ಇರಬೇಕು ಅಂದುಕೊಂಡೆ, ಅರ್ಥ ಕೂಡಲಿಲ್ಲ. ಬಳಸುವುದು ಹೇಗೆ? ‘ಸ್ಟೇವ್ ಆಫ್’ ಅಂದರೂ ಇದೇನಾ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಆಸ್ಪತ್ರೆ ನೆನಪಾದದ್ದು ತಪ್ಪೇನಲ್ಲಮ್ಮ, ಬೇರು ಒಂದೇ. ‘ವಾರ್ಡ್’ ಅಂದರೆ ಮೂಲದಲ್ಲಿ ಕಾವಲು. ಕಾಯುವವರು ವಾರ್ಡನ್. ‘ಗಾರ್ಡ್’ ಕೂಡ ಇದೇ ಬಳಗದ್ದು, ಫ್ರೆಂಚಿನ ಮನೆ ಹೊಕ್ಕು ವೇಷ ಬದಲಿಸಿಕೊಂಡು ಬಂದಿದೆ. ‘ಆಫ್’ ಇಲ್ಲಿ ಸ್ವಿಚ್ಚಿನ ಆಫ್ ಅಲ್ಲ. ಆಚೆಗೆ, ದೂರಕ್ಕೆ ಎಂದರ್ಥ. (ಬರೆಯುವಾಗ ಎರಡು ಎಫ್ ಹಾಕಿ. ಒಂದೇ ಹಾಕಿದರೆ ನಿಜಕ್ಕೂ ಆಸ್ಪತ್ರೆ ಸೇರುತ್ತೀರಿ.)

ಕೇಡು ಹತ್ತಿರ ಸುಳಿಯದಂತೆ ತಡೆಯುವುದೇ ‘ವಾರ್ಡ್ ಆಫ್’. ಹೊಸ ಮನೆ ಕಟ್ಟುವಾಗ ದೃಷ್ಟಿ ತಾಗದಿರಲಿ ಅಂತ ಬೂದುಗುಂಬಳ ತೂಗುಹಾಕುತ್ತೇವಲ್ಲ, ಅದಕ್ಕೆ ಹೇಳಿ ಮಾಡಿಸಿದ ಮಾತು. ಸೊಳ್ಳೆ, ನೆಗಡಿ, ಚಳಿ ಎಲ್ಲಕ್ಕೂ ನಡೆಯುತ್ತದೆ.

‘ಸ್ಟೇವ್ ಆಫ್’ ಸ್ವಲ್ಪ ಬೇರೆ. ‘ಸ್ಟೇವ್’ ಎಂಬುದು ದೊಣ್ಣೆ ಎಂಬರ್ಥದ ‘ಸ್ಟಾಫ್’ನ ಇನ್ನೊಂದು ರೂಪ, ದೊಣ್ಣೆ ಹಿಡಿದು ಅಟ್ಟುವುದು ಮೊದಲ ಅರ್ಥ. ನಿಮ್ಮ ಪಕ್ಕದ ದುರ್ಗದಲ್ಲೇ ಇದಕ್ಕೆ ಉದಾಹರಣೆ ಇದೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾಗ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದಳು ಎಂಬ ಕಥೆ ಯಾರಿಗೆ ಗೊತ್ತಿಲ್ಲ? ಅವತ್ತು ಕೋಟೆ ಉಳಿಯಿತು. ಆದರೆ 1779ರಲ್ಲಿ ಹೈದರಾಲಿಯ ವಶವಾಯಿತು. ಹಾಗಾಗಿ ಓಬವ್ವ ಸೋಲನ್ನು ‘ಸ್ಟೇವ್ ಆಫ್’ ಮಾಡಿದಳು ಎನ್ನುವುದೇ ಸರಿ. ಬರಲಿರುವುದನ್ನು ಸದ್ಯಕ್ಕೆ ಹಿಂದಕ್ಕೆ ತಳ್ಳುವುದು ಅದು. ಊಟ ತಡವಾದಾಗ ನೀವು ಮಂಡಕ್ಕಿ-ಮಿರ್ಚಿ ತಿಂದು ಹಸಿವಿಗೆ ಮಾಡುವುದೂ ಅದನ್ನೇ. ಗಂಟೆ ಕಳೆದರೆ ಹಸಿವು ಮತ್ತೆ ಹಾಜರ್.

ಬಳಸುವಾಗ ಒಂದು ಎಚ್ಚರ. ‘ವಾರ್ಡ್ ಆಫ್ ಮೊಸ್ಕಿಟೋಸ್’ ಸರಿ. ಸೊಳ್ಳೆಯ ಬದಲು ‘ದೆಮ್’ ಬಂದರೆ ಅದು ನಡುವೆ ಕೂರಬೇಕು: ‘ವಾರ್ಡ್ ದೆಮ್ ಆಫ್’. ಕೊನೆಗೆ ಹಾಕಿದರೆ ತಪ್ಪು; ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ‘ಸ್ಟೇವ್ ಆಫ್’ಗೂ ಇದೇ ನಿಯಮ.

ಇನ್ನು, ‘ಟ್ರಿಪ್‌ಗೆ ಹೋಗದಂತೆ ಅಪ್ಪ ನನ್ನನ್ನು ತಡೆದರು’ ಎನ್ನಲು ‘ವಾರ್ಡ್ ಆಫ್’ ಹಾಕಬೇಡಿ. ಹಾಕಿದರೆ ಆ ವಾಕ್ಯದ ಸೊಳ್ಳೆ ನೀವೇ ಆಗುತ್ತೀರಿ. ಅಲ್ಲಿ ‘ಸ್ಟಾಪ್’ ಅಥವಾ ‘ಪ್ರಿವೆಂಟ್’ ಸಾಕು.